ಲಂಡನ್ನಿನ ಬಾಡಿಗೆ ಮನೆ, ಬೆಂಗಳೂರಿನ ಅಡ್ವಾನ್ಸ್ ಲೆಕ್ಕ

ಮೊನ್ನೆ ಸಂಜೆ ಎದುರು ಮನೆ ಅಕ್ಕ ಮೊಬೈಲ್ ಕೈಯಲ್ಲಿ ಹಿಡಿದುಕೊಂಡೇ ಬಂದರು. ಅವರ ಮಗಳಿಗೆ ಲಂಡನ್ನಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಸೆಪ್ಟೆಂಬರಿಗೆ ಹೊರಡಬೇಕು. 'ನೋಡಮ್ಮಾ, ಒಂದು ರೂಮು ಸಿಕ್ಕಿದೆ. ಫೋಟೋದಲ್ಲಿ ಎಷ್ಟು ಚೆನ್ನಾಗಿದೆ! ಆರು ತಿಂಗಳ ಬಾಡಿಗೆ ಒಟ್ಟಿಗೆ ಕಳಿಸಿದರೆ ಇವತ್ತೇ ನಮ್ಮ ಹೆಸರಿಗೆ ಮಾಡ್ತಾರಂತೆ. ನಮ್ಮನೆಯವರು ಎಫ್.ಡಿ. ಮುರಿಸೋಣ ಅಂತಿದ್ದಾರೆ. ಬೆಂಗಳೂರಲ್ಲೇ ಹತ್ತು ತಿಂಗಳ ಅಡ್ವಾನ್ಸ್ ಕೊಡ್ತೀವಿ, ಲಂಡನ್ನಿಗೆ ಆರು ತಿಂಗಳು ಅಂದ್ರೆ ಕಮ್ಮಿನೇ ಅಲ್ವಾ?' ಅಂದರು.

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ನಮಗೆ ದೊಡ್ಡ ಅಡ್ವಾನ್ಸ್ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ದೂರದ ಊರಿನಲ್ಲಿ ಯಾರಾದರೂ ಅಷ್ಟು ದುಡ್ಡು ಕೇಳಿದರೆ ಅನುಮಾನವೇ ಬರುವುದಿಲ್ಲ. ಆದರೆ ಅಲ್ಲಿಯ ಕಾನೂನು ಬೇರೆ. ಅದೂ ಇತ್ತೀಚೆಗೆ ಬಹಳ ಬದಲಾಗಿದೆ. ಮಕ್ಕಳನ್ನು ಓದಿಗೋ ಕೆಲಸಕ್ಕೋ ಲಂಡನ್ನಿಗೆ ಕಳಿಸುವ ತಾಯಂದಿರು ಇದನ್ನು ತಿಳಿದುಕೊಳ್ಳಲೇಬೇಕು.

ಅಷ್ಟೊಂದು ದುಬಾರಿ ಯಾಕೆ?

2025ರಲ್ಲಿ ಲಂಡನ್ನಿನ ಸರಾಸರಿ ಖಾಸಗಿ ಬಾಡಿಗೆ ತಿಂಗಳಿಗೆ 2,200 ಪೌಂಡ್ ದಾಟಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಲಕ್ಷ ರೂಪಾಯಿ! ಲಂಡನ್ನಿನಲ್ಲಿ ಓದುವ ವಿದ್ಯಾರ್ಥಿ ವೀಸಾಗೆ ಖರ್ಚಿನ ಬಾಬ್ತು ತೋರಿಸಬೇಕಾದ ಹಣ 2025ರ ನವೆಂಬರಿನಿಂದ ತಿಂಗಳಿಗೆ 1,529 ಪೌಂಡ್. ಅಂದರೆ ಊಟ, ಬಸ್ಸು, ಬಾಡಿಗೆ ಎಲ್ಲಾ ಸೇರಿದ ಹಣವೇ ಒಂದು ಸರಾಸರಿ ಮನೆಯ ಬಾಡಿಗೆಗೆ ಸಾಲದು. ಅದಕ್ಕೇ ವಿದ್ಯಾರ್ಥಿಗಳು ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಹಿಡಿಯುತ್ತಾರೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಅಲ್ಲಿನ ಕೌನ್ಸಿಲ್ ಮನೆಗಳನ್ನು, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಟ್ಟಿದ್ದ ಮನೆಗಳನ್ನು, ಅದರಲ್ಲಿದ್ದವರೇ ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡವರಿಗೇನೋ ಒಳ್ಳೆಯದಾಯಿತು. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಆಮೇಲೆ 1988ರ ವಸತಿ ಕಾಯ್ದೆ ಹೊಸ ಖಾಸಗಿ ಬಾಡಿಗೆಗಳ ಮೇಲಿದ್ದ ನಿಯಂತ್ರಣ ಸಡಿಲಿಸಿತು. ಅದರ 21ನೇ ಸೆಕ್ಷನ್ ಪ್ರಕಾರ, ಕರಾರಿನ ಅವಧಿ ಮುಗಿದರೆ ಕಾರಣವೇ ಹೇಳದೆ ಎರಡು ತಿಂಗಳ ನೋಟಿಸು ಕೊಟ್ಟು ಬಾಡಿಗೆದಾರರನ್ನು ಬಿಡಿಸಬಹುದಿತ್ತು. ಗೋಡೆ ಸೋರುತ್ತಿದೆ, ಬೂಸ್ಟು ಹಿಡಿದಿದೆ ಅಂತ ದೂರು ಕೊಡಲೂ ಜನ ಹೆದರುತ್ತಿದ್ದರು.

ಮನೆ ಕಡಿಮೆ, ಕೇಳುವವರು ಜಾಸ್ತಿ. ಒಬ್ಬರು ಹೇಳಿದ ಬಾಡಿಗೆಗಿಂತ ಇನ್ನೊಬ್ಬರು ಹೆಚ್ಚು ಕೊಡುತ್ತೇನೆ ಎನ್ನುವ ಹರಾಜು ಶುರುವಾಯಿತು. ಬ್ರಿಟನ್ನಿನ ಸಂಬಳದ ಚೀಟಿಯಾಗಲಿ, ಅಲ್ಲೇ ಇರುವ ಜಾಮೀನುದಾರರಾಗಲಿ ಇಲ್ಲದ ನಮ್ಮ ಮಕ್ಕಳಿಗೆ ಆರು ತಿಂಗಳ, ಕೆಲವೊಮ್ಮೆ ವರ್ಷದ ಬಾಡಿಗೆಯನ್ನೇ ಮುಂಗಡ ಕೊಡಿ ಅನ್ನುತ್ತಿದ್ದರು.

ಹೊಸ ಕಾಯ್ದೆ ಏನು ಹೇಳುತ್ತೆ?

2025ರ ಅಕ್ಟೋಬರ್ 27ರಂದು 'ರೆಂಟರ್ಸ್ ರೈಟ್ಸ್ ಆಕ್ಟ್', ಅಂದರೆ ಬಾಡಿಗೆದಾರರ ಹಕ್ಕುಗಳ ಕಾಯ್ದೆಗೆ ರಾಜನ ಒಪ್ಪಿಗೆ ಸಿಕ್ಕಿತು. ಇದು ಇಂಗ್ಲೆಂಡಿಗೆ ಸಂಬಂಧಿಸಿದ್ದು. ಖಾಸಗಿ ಬಾಡಿಗೆಯ ಮುಖ್ಯ ನಿಯಮಗಳು ಜಾರಿಯಾಗುವ ದಿನ 2026ರ ಮೇ 1. ಆ ದಿನದಿಂದ ಕಾರಣ ಹೇಳದೆ ಮನೆ ಬಿಡಿಸುವಂತಿಲ್ಲ. ಜಾಹೀರಾತಿನಲ್ಲಿ ಹಾಕಿದ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಬಾಡಿಗೆ ಏರಿಸುವುದು ವರ್ಷಕ್ಕೆ ಒಂದೇ ಸಲ, ಅದೂ ಎರಡು ತಿಂಗಳ ನೋಟಿಸು ಕೊಟ್ಟು.

ನಮಗೆ ಬೇಕಾದ ಮುಖ್ಯ ಮಾತು ಇಲ್ಲಿದೆ. ಕರಾರಿಗೆ ಸಹಿ ಬೀಳುವ ಮೊದಲು ಬಾಡಿಗೆ ಕೇಳುವಂತಿಲ್ಲ. ಸಹಿಯಾದ ಮೇಲೂ ಮುಂಗಡವಾಗಿ ಕೇಳಬಹುದಾದದ್ದು ಒಂದೇ ತಿಂಗಳದ್ದು! ಠೇವಣಿಗಂತೂ 2019ರಿಂದಲೇ ಮಿತಿಯಿದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರದ ಬಾಡಿಗೆ, ಅಷ್ಟೇ. ರೂಮು ಬೇರೆಯವರಿಗೆ ಕೊಡದಂತೆ ಹಿಡಿದಿಡಲು ಒಂದು ವಾರದ ಬಾಡಿಗೆ ಕೇಳಬಹುದು. ಮನೆ ತೋರಿಸಲು, ಕಾಗದಪತ್ರ ಬರೆಯಲು ಅಂತ ಏಜೆಂಟರು ಫೀಸು ಕೇಳುವಂತಿಲ್ಲ.

ಆದರೆ ಎಲ್ಲ ಕಡೆಗೂ ಅಲ್ಲ...

ಇಲ್ಲೇ ಅನೇಕರು ಎಡವುವುದು. ವಿಶ್ವವಿದ್ಯಾಲಯದ ಹಾಸ್ಟೆಲ್ಲುಗಳು ಈ ಕಾಯ್ದೆಯೊಳಗೆ ಬರುವುದಿಲ್ಲ. ವಿದ್ಯಾರ್ಥಿಗಳಿಗೆಂದೇ ಕಟ್ಟಿ, ಮಾನ್ಯತೆ ಪಡೆದ ಸಂಹಿತೆಗೆ ಒಳಪಟ್ಟ ಖಾಸಗಿ ವಸತಿಗಳಿಗೂ ವಿನಾಯಿತಿಯಿದೆ. ಅಲ್ಲಿ ಒಂದು ಟರ್ಮಿನ ಹಣ ಒಟ್ಟಿಗೆ ಕೇಳಿದರೆ ಗಾಬರಿಯಾಗಬೇಕಿಲ್ಲ, ಷರತ್ತು ಓದಿ ಕಟ್ಟಿ. ಮಾಲೀಕರ ಮನೆಯಲ್ಲೇ ಅವರ ಜತೆ ಒಂದು ರೂಮಿನಲ್ಲಿದ್ದರೂ ಈ ರಕ್ಷಣೆ ಸಿಗದು.

ಇನ್ನೊಂದು ಮಾತು. ಮುಂಗಡ ನಿಂತರೆ ಮಾಲೀಕರು ಜಾಮೀನಿಗೆ ಹೆಚ್ಚು ಪಟ್ಟು ಹಿಡಿಯಬಹುದು. ಕೆಲವು ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳಿಗೆ ತಾವೇ ಜಾಮೀನು ನಿಲ್ಲುತ್ತವೆ. ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವ ಕಂಪನಿಗಳ ಹತ್ತಿರ ಹೋಗುವ ಮುಂಚೆ ಅದನ್ನೊಮ್ಮೆ ವಿಚಾರಿಸಲು ಮಗಳಿಗೋ ಮಗನಿಗೋ ಹೇಳಿ.

ಹಣ ಕಳಿಸುವ ಮುನ್ನ

* ಮನೆ ನೋಡದೆ ದುಡ್ಡು ಬೇಡ. ಮೊದಲ ಒಂದೆರಡು ವಾರಕ್ಕೆ ಹಾಸ್ಟೆಲ್ಲೋ ಪರಿಚಯದವರ ಮನೆಯೋ ಗೊತ್ತುಮಾಡಿ, ಅಲ್ಲಿಗೆ ಹೋದ ಮೇಲೆ ರೂಮು ಹುಡುಕಲಿ. 'ನಾನು ಊರಲ್ಲಿಲ್ಲ, ಕೀ ಕೊರಿಯರ್ ಮಾಡ್ತೀನಿ' ಅಂದರೆ ಅಲ್ಲಿಗೇ ಬಿಟ್ಟುಬಿಡಿ.

* ವಾರದ ಬಾಡಿಗೆಯನ್ನು ನಾಲ್ಕರಿಂದ ಗುಣಿಸಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ. ವಾರಕ್ಕೆ 300 ಪೌಂಡ್ ಅಂದರೆ ತಿಂಗಳಿಗೆ 1,200 ಅಲ್ಲ, 1,300.

* ಠೇವಣಿಯನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ನೋಂದಾಯಿಸಿ ವಿವರ ಕೊಡಬೇಕು. ಇಲ್ಲದಿದ್ದರೆ ಅವರಿಗೆ ಠೇವಣಿಯ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

* ಸ್ನೇಹಿತರೆಲ್ಲ ಸೇರಿ ಒಂದೇ ಕರಾರಿಗೆ ಸಹಿ ಹಾಕಿದರೆ ಒಬ್ಬರು ಕಟ್ಟದ ಬಾಡಿಗೆಗೆ ಉಳಿದವರೂ ಹೊಣೆ. ಸ್ನೇಹ ಬೇರೆ, ಸಹಿ ಬೇರೆ!

* ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕೌನ್ಸಿಲ್ ತೆರಿಗೆ ಇಲ್ಲ. ಕೆಲಸಕ್ಕೆ ಹೋಗುವವರು ಒಬ್ಬರು ಸೇರಿದರೂ ಬಿಲ್ಲು ಬರಬಹುದು. ಮೊದಲೇ ಕೇಳಿಕೊಳ್ಳಲಿ.

* ಒಳಗೆ ಹೋದ ದಿನವೇ ಗೋಡೆ, ಹಾಸಿಗೆ, ಒಲೆ, ನಲ್ಲಿ ಎಲ್ಲದರ ಫೋಟೋ ತೆಗೆದಿಡಲಿ. ಬಿಡುವಾಗ ಠೇವಣಿ ವಾಪಸು ಬರಲು ಅದೇ ಸಾಕ್ಷಿ.

* ಮೋಸ ಆಯಿತೆಂದು ಗೊತ್ತಾದ ತಕ್ಷಣ ಬ್ಯಾಂಕಿಗೆ ಮತ್ತು 1930ಕ್ಕೆ ಫೋನ್ ಮಾಡಿ. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ದುಡ್ಡೂ ಹೋಗುತ್ತದೆ.

ಅಕ್ಕನ ಕಥೆ ಏನಾಯಿತು ಅಂತೀರಾ? 'ನಮ್ಮ ಕಡೆಯವರೊಬ್ಬರು ಬಂದು ರೂಮು ನೋಡ್ತಾರೆ, ಕರಾರು ಪತ್ರ ಕಳಿಸಿ' ಅಂತ ಮಗಳ ಕೈಲಿ ಮೆಸೇಜು ಹಾಕಿಸಿದೆವು. ನಾಲ್ಕು ದಿನವಾಯಿತು, ಆ ಕಡೆಯಿಂದ ಉತ್ತರವೇ ಇಲ್ಲ. ಎಫ್.ಡಿ. ಉಳಿಯಿತು. ರೂಮು ಮಾತ್ರ ಇನ್ನೂ ಸಿಕ್ಕಿಲ್ಲ. ಮೊದಲ ಎರಡು ವಾರ ಹ್ಯಾರೋದಲ್ಲಿರುವ ಪರಿಚಯದವರ ಮನೆಯಲ್ಲಿ ಇರಲಿ ಅಂತ ತೀರ್ಮಾನವಾಗಿದೆ.

ಇಷ್ಟೆಲ್ಲಾ ಓದಿ ಹೇಳಿದ ಮೇಲೆ ನನಗೇ ಒಂದು ಚುರುಕು ಮುಟ್ಟಿತು. ನಮ್ಮ ಮಹಡಿ ಮನೆಯಲ್ಲಿ ಹಾಸನದಿಂದ ಬಂದ ನರ್ಸ್ ಹುಡುಗಿಯೊಬ್ಬಳಿದ್ದಾಳೆ. ಅವಳ ಹತ್ತಿರ ನಾವೂ ಹತ್ತು ತಿಂಗಳ ಅಡ್ವಾನ್ಸ್ ತಗೊಂಡಿದ್ದೀವಿ. ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕು ಅಂತ ಕೇಂದ್ರ ಸರ್ಕಾರ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲೇ ಹೇಳಿದೆ. ಅವಳ ಅಮ್ಮ ಎಲ್ಲಿ ಒಡವೆ ಅಡವಿಟ್ಟರೋ, ಯಾರ ಹತ್ತಿರ ಸಾಲ ಮಾಡಿದರೋ, ನಾನು ಕೇಳಿಯೂ ಇರಲಿಲ್ಲ. ಈ ಸಲ ಕರಾರು ಬರೆಯುವಾಗ ನಮ್ಮವರ ಜತೆ ಕೂತು ಈ ಮಾತು ಎತ್ತಬೇಕು ಅಂದುಕೊಂಡಿದ್ದೀನಿ. ನೀವೇನಂತೀರಾ?