ಮನಸ್ಸು ಬದಲಾದರೆ ಸಾಕೇ?

ಉದ್ಯೋಗಸ್ಥರ ಅಂತರಂಗ ಬದಲಾದರೆ ವೃತ್ತಿಯ ಒತ್ತಡವೂ ಅನ್ಯಾಯವೂ ತಾವಾಗಿ ಕರಗುತ್ತವೆ, ಕಾನೂನು ಕಟ್ಟಳೆಗಳ ಹಂಗು ಬೇಕಿಲ್ಲ ಎಂಬುದು ಈಚೆಗೆ ಪ್ರಕಟವಾದ ಲೇಖನದ ವಾದ. ಅದಕ್ಕೆ ಕೊಯಮತ್ತೂರಿನ ವೆಳ್ಳಿಯಂಗಿರಿ ತಪ್ಪಲಿನ ಯೋಗಕೇಂದ್ರಕ್ಕೆ ಹೋಗಿಬರುವವರೇ ಸಾಕ್ಷಿಯಂತೆ. ಧ್ಯಾನದಿಂದ ಮನಸ್ಸು ತಿಳಿಯಾಗುತ್ತದೆ, ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪಲಾರೆ.

ಅದೇ ವೆಳ್ಳಿಯಂಗಿರಿಯಲ್ಲಿ ಹುಟ್ಟುವ ನೊಯ್ಯಲ್ ನದಿ ತಿರುಪ್ಪೂರಿನ ನಡುವೆ ಹರಿಯುತ್ತದೆ. ಬನಿಯನ್ ಉದ್ಯಮದ ಬಣ್ಣದ ನೀರು ವರ್ಷಾನುಗಟ್ಟಲೆ ಅದಕ್ಕೇ ಸೇರಿತು. ಕೆಳಗಿನ ಒರತ್ತುಪಾಳಯಂ ಅಣೆಕಟ್ಟೆಯ ನೀರು ಬೇಸಾಯಕ್ಕೆ ಬಾರದಾಯಿತು. ತಿರುಪ್ಪೂರಿನಲ್ಲಿ ಭಕ್ತರಿಗೇನು ಬರವಿತ್ತೇ? ರೈತರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಕೊಳಚೆಯ ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ಬಂದದ್ದು ಈ ಒತ್ತಡದಿಂದ.

ನೂಲಿನ ಗಿರಣಿಗಳ ‘ಸುಮಂಗಲಿ’ ಪದ್ಧತಿಯನ್ನೂ ನೋಡಿ. ಹರೆಯದ ಹುಡುಗಿಯರನ್ನು ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಮದುವೆ ಖರ್ಚಿಗೆಂದು ಕೊನೆಯಲ್ಲಿ ಇಡಿಗಂಟು ಕೊಡುವ ಭರವಸೆ. ಅಂಥವಳಿಗೆ ಉಸಿರನ್ನು ಗಮನಿಸು ಎನ್ನುವುದು ಅವಮಾನ.

ನಿಜವಾದ ಪರಿವರ್ತನೆ ಕೊಯಮತ್ತೂರಿನಲ್ಲೇ ಕಾಣಸಿಗುತ್ತದೆ. ಶ್ರೀ ಅರವಿಂದರ ಅನುಯಾಯಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇಲ್ಲಿಯೂ ಇದೆ. ಉಳ್ಳವರು ಕೊಡುವ ಶುಲ್ಕದ ಬಲದಿಂದ ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ ನಡೆಯುತ್ತದೆ. ವೆಂಕಟಸ್ವಾಮಿಯವರ ಸಾಧನೆ ಆಸ್ಪತ್ರೆಯ ಲೆಕ್ಕಪತ್ರದೊಳಗೇ ಇಳಿದಿದೆ.

ಧ್ಯಾನ ಕಲಿತ ಗಿರಣಿ ಮಾಲೀಕರನ್ನು ಆ ಲೇಖನ ಬರೆದವರು ಭೇಟಿಯಾದಾಗ ಕೂಲಿಯ ಪಟ್ಟಿಯನ್ನೂ ಕೊಳಚೆ ನೀರಿನ ಕೊಳವೆಯನ್ನೂ ತೋರಿಸಲು ಕೇಳಲಿ.