ಅಟ್ಟದ ಏಣಿ ಮತ್ತು ಮನೆಯ ಹಿರಿಯರು

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗನು ಮೊದಲು ಒಂದು ಖೋಲಿಯನ್ನು ಸಂಪಾದಿಸಿದನು. ಅಟ್ಟವನ್ನು ಕಟ್ಟಿಸಿದ್ದು ಆಮೇಲೆ. ಸಂಸಾರ ಬೆಳೆಯಿತು, ಖೋಲಿ ಬೆಳೆಯಲಿಲ್ಲ. ಗೋರೆಗಾಂವಿನ ಬೈಠಿ ಚಾಳುಗಳಲ್ಲಿಯೂ, 1960ರ ದಶಕದಲ್ಲಿ ನೆಲಮಟ್ಟದ ಸಾಲುಮನೆಗಳಾಗಿ ಎದ್ದ ಮೋತಿಲಾಲ್ ನಗರದಲ್ಲಿಯೂ ಕಾಲಕ್ರಮದಲ್ಲಿ ಮೇಲೊಂದು ಮಾಳಿಗೆ ಬಂದುದು ಹೀಗೆ. ಮರಾಠಿಯ ‘ಪೋಟ್‌ಮಾಳಾ’ ಎಂಬ ಮಾತು ನಮ್ಮವರ ಮನೆಮಾತಿನಲ್ಲಿಯೂ ಸೇರಿಹೋಯಿತು.

ಮಾಳಿಗೆಗೆ ಗರ್ಡರು, ಕಡಪಾ ಕಲ್ಲು, ಟೈಲ್ಸು ಎಲ್ಲವನ್ನೂ ವಿಚಾರಿಸಿ ತರುವ ಯಜಮಾನನು ಮೆಟ್ಟಿಲಿನ ವಿಷಯಕ್ಕೆ ಬಂದಾಗ ಮಾತ್ರ ಉದಾರಿಯಾಗುವುದಿಲ್ಲ. ಉಳಿದ ಮೂಲೆ, ಉಳಿದ ಹಣ, ಉಳಿದ ಕಬ್ಬಿಣ ಇವಿಷ್ಟೇ ಅದರ ಪಾಲು. ವೆಲ್ಡರನು ಕಣ್ಣಳತೆಯಲ್ಲಿಯೇ ಒಂದು ಏಣಿಯನ್ನು ಬೆಸೆದು ನಿಲ್ಲಿಸುತ್ತಾನೆ. ಮೂವತ್ತರ ಪ್ರಾಯದವರಿಗೆ ಅದು ಏಣಿಯೆಂದೇ ಅನಿಸುವುದಿಲ್ಲ. ಆದರೆ ಆ ಮನೆಗೆ ಊರಿನಿಂದ ವಯಸ್ಸಾದ ತಾಯಿ ಬರುತ್ತಾರೆ. ಕೆಳಗೆ ಅಡಿಗೆ, ಟಿ.ವಿ., ಬಂದುಹೋಗುವವರ ಗದ್ದಲ. ಆದುದರಿಂದ ಅವರ ಹಾಸಿಗೆ ಮೇಲಕ್ಕೆ ಹೋಗುತ್ತದೆ. ಮೋರಿ ಕೆಳಗೆ. ರಾತ್ರಿ ಏಣಿಯನ್ನು ಇಳಿಯುವ ಭಯಕ್ಕೆ ಸಂಜೆಯ ನಂತರ ನೀರು ಕುಡಿಯುವುದನ್ನೇ ಬಿಡುವ ಹಿರಿಯರಿದ್ದಾರೆ. ಮಲಬದ್ಧತೆ, ಉರಿಮೂತ್ರ, ಬೆಳಿಗ್ಗೆ ಏಳುವಾಗ ತಲೆಸುತ್ತು ಎಂದು ವೈದ್ಯರ ಬಳಿಗೆ ಹೋದಾಗ ಏಣಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಬಿದ್ದರಂತೂ ಕೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನರು ಬಿದ್ದು ಸಾಯುತ್ತಾರೆ. ಸಾವಿನ ಪ್ರಮಾಣವು ಅರವತ್ತು ದಾಟಿದವರಲ್ಲಿಯೇ ಅತಿ ಹೆಚ್ಚು. ಸವೆದ ಎಲುಬು, ಪೊರೆ ಬಂದ ಕಣ್ಣು, ರಕ್ತದೊತ್ತಡದ ಗುಳಿಗೆ ಇವು ಮೂರೂ ಸೇರಿದ ದೇಹವು ಕತ್ತಲಲ್ಲಿ ಕಡಿದಾದ ಮೆಟ್ಟಿಲನ್ನು ಇಳಿಯುತ್ತಿರುತ್ತದೆ. ಹತ್ತುವಾಗ ಏದುಸಿರು ಬರುವುದರಿಂದ ಜನರು ಹತ್ತುವುದನ್ನೇ ಕಷ್ಟವೆಂದು ಭಾವಿಸುತ್ತಾರೆ. ಅಪಾಯ ಹೆಚ್ಚಾಗಿರುವುದು ಇಳಿಯುವುದರಲ್ಲಿ. ಇಳಿಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಮೀರಿದ ಭಾರ ಬೀಳುತ್ತದೆ.

ಮೆಟ್ಟಿಲಿಗೂ ಒಂದು ಲೆಕ್ಕವುಂಟು. ಎರಡು ಎತ್ತರ ಹಾಗೂ ಒಂದು ಅಗಲ ಕೂಡಿದರೆ ಮನುಷ್ಯನ ಒಂದು ಹೆಜ್ಜೆಗೆ ಸಮವಾಗಿರಬೇಕೆಂದು ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ ಹೇಳಿದ್ದಾನೆ. ಇಂದಿನ ರೂಢಿಯಲ್ಲಿ ಅದು 25 ಅಂಗುಲದ ಆಸುಪಾಸು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಮನೆಗೆ ಮೆಟ್ಟಿಲಿನ ಎತ್ತರ 19 ಸೆಂಟಿಮೀಟರನ್ನು ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗೆ ಕಡಮೆಯಾಗಬಾರದು ಎನ್ನುತ್ತದೆ. ಸುಮಾರಾಗಿ ಏಳೂವರೆ ಅಂಗುಲ ಮತ್ತು ಹತ್ತು ಅಂಗುಲ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಏಳೂವರೆ ಅಡಿ, ಅಂದರೆ 90 ಅಂಗುಲ ಇದ್ದರೆ ಹನ್ನೆರಡು ಎತ್ತರಗಳು, ಹನ್ನೊಂದು ಹಲಗೆಗಳು, ಒಟ್ಟು ಒಂಬತ್ತು ಅಡಿ ಎರಡು ಅಂಗುಲ ಉದ್ದ. ವೆಲ್ಡರನ ಏಣಿಯಾದರೋ ಎಂಟೇ ಏರುಗಳಲ್ಲಿ, ಒಂದೊಂದಕ್ಕೆ ಹನ್ನೊಂದೂಕಾಲು ಅಂಗುಲದಂತೆ, ಮೂರೂವರೆ ಅಡಿಯೊಳಗೆ ಕೆಲಸ ಮುಗಿಸುತ್ತದೆ. ಕಾಲಿಗೆ ಸಿಗುವ ಜಾಗ ಆರು ಅಂಗುಲ. ಇಳಿಯುವಾಗ ಹಿಮ್ಮಡಿ ಮಾತ್ರ ಊರುತ್ತದೆ. ಸರಿಯಾದ ಮೆಟ್ಟಿಲು ಜಾಗ ತಿನ್ನುತ್ತದೆ ಎಂಬುದು ನಿಜ. ತಲೆ ಬಡಿಯದಿರಲು ಮೇಲಿನ ನೆಲವನ್ನು ಒಂಬತ್ತು ಅಡಿ ಉದ್ದ, ಎರಡೂವರೆ ಅಡಿ ಅಗಲ ತೆರೆದಿಡಬೇಕು. ಹತ್ತು ಹನ್ನೆರಡರ ಖೋಲಿಯಲ್ಲಿ ಇಪ್ಪತ್ತೆರಡೂವರೆ ಚದರಡಿ ಹೋಯಿತೆಂದರೆ ಎಂಥವರಿಗೂ ಹೊಟ್ಟೆ ಉರಿಯುತ್ತದೆ.

ಈಗ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಸಿದ್ಧ ಮೆಟ್ಟಿಲುಗಳು ದೊರೆಯುತ್ತವೆ. ಇದರಲ್ಲಿ ವೆಲ್ಡಿಂಗ್ ಇಲ್ಲ. ಉಕ್ಕಿನ ತುಂಡುಗಳನ್ನು ಒಂದಕ್ಕೊಂದು ಬೋಲ್ಟಿನಿಂದ ಜೋಡಿಸಿ ಮೇಲೆ ಹಲಗೆ ಕೂರಿಸುವುದು. ಮೂಲೆಯಲ್ಲಿ ತಿರುಗುವಂತೆಯೂ ಜೋಡಿಸಬಹುದಾದ ಮಾದರಿಗಳಿರುವುದರಿಂದ ಸಣ್ಣ ಖೋಲಿಗೆ ಅನುಕೂಲ. ಪ್ರತಿ ಮೆಟ್ಟಿಲಿನ ಎತ್ತರವನ್ನು ಅಷ್ಟಿಷ್ಟು ಹೆಚ್ಚುಕಡಮೆ ಮಾಡಬಹುದು, ಆದರೆ ಅದಕ್ಕೂ ಮಿತಿಯುಂಟು. ತಪ್ಪು ಅಳತೆ ಕೊಟ್ಟು ತರಿಸಿದರೆ ಪೆಟ್ಟಿಗೆ ಮೂಲೆ ಸೇರುತ್ತದೆ. ಚಾಳಿನ ನೆಲ ಮೋರಿಯ ಕಡೆಗೆ ಇಳಿಜಾರಾಗಿರುತ್ತದೆ. ಆದುದರಿಂದ ಮೊದಲ ಮೆಟ್ಟಿಲು ನಿಲ್ಲುವ ಜಾಗದಿಂದಲೇ ರಸಮಟ್ಟ ಹಿಡಿದು ಎತ್ತರ ಅಳೆಯಬೇಕು. ಮೇಲೆ ಟೈಲ್ಸು ಹಾಕುವುದು ಬಾಕಿಯಿದ್ದರೆ ಅದರ ದಪ್ಪವನ್ನೂ ಸೇರಿಸಬೇಕು. ಇದನ್ನು ಮರೆತಲ್ಲಿ ಕೊನೆಯ ಮೆಟ್ಟಿಲು ಒಂದೂವರೆ ಅಂಗುಲ ಹೆಚ್ಚಾಗಿ ನಿಲ್ಲುತ್ತದೆ. ಹನ್ನೊಂದು ಮೆಟ್ಟಿಲು ಹತ್ತಿದ ಕಾಲು ಹನ್ನೆರಡನೆಯದನ್ನು ನೋಡದೆಯೇ ಅದೇ ಎತ್ತರಕ್ಕೆ ಏಳುತ್ತದೆ, ಎಡವುತ್ತದೆ.

ಜೋಡಿಸುವುದಕ್ಕೆ ಇಬ್ಬರು, ಒಂದು ರವಿವಾರ ಸಾಕು. ಎಲ್ಲ ತುಂಡುಗಳೂ ಸಾಲಿಗೆ ಬರುವ ತನಕ ಬೋಲ್ಟುಗಳನ್ನು ಪೂರ್ತಿ ಬಿಗಿಯಬಾರದು. ಮೇಲಿನ ತುದಿಯನ್ನು ಗರ್ಡರಿಗೇ ಕಟ್ಟಬೇಕು. ಕಡಪಾ ಕಲ್ಲಾಗಲಿ ಪ್ಲೈವುಡ್ಡಾಗಲಿ ಆ ಭಾರವನ್ನು ತಡೆಯುವಂಥದಲ್ಲ. ಗರ್ಡರೇ ತುಕ್ಕು ತಿಂದಿದ್ದರೆ ಮೊದಲು ಎಂಜಿನಿಯರರಿಗೆ ತೋರಿಸುವುದು ಲೇಸು. ಅಂದಹಾಗೆ, ಪೆಟ್ಟಿಗೆಯಲ್ಲಿ ಮೆಟ್ಟಿಲು ಬಂತೆಂದ ಮಾತ್ರಕ್ಕೆ ಪರವಾನಗಿಯಿಲ್ಲದ ಮಾಳಿಗೆಗೆ ಪರವಾನಗಿ ಬಂದಂತಾಗುವುದಿಲ್ಲ.

‘ಹೇಗೂ ಬಿಲ್ಡಿಂಗ್ ಬರುತ್ತದೆ, ಲಿಫ್ಟು ಬರುತ್ತದೆ, ಈಗೇಕೆ ಖರ್ಚು?’ ಎಂಬುದು ಎಲ್ಲೆಡೆ ಕೇಳುವ ಮಾತು. ಮೋತಿಲಾಲ್ ನಗರದ ಪುನರ್ನಿರ್ಮಾಣಕ್ಕೆ ಮ್ಹಾಡಾ 2025ರಲ್ಲಿ ಒಪ್ಪಂದ ಮಾಡಿಕೊಂಡುದರಿಂದ ಈ ಮಾತಿಗೆ ಬಲ ಬಂದಿದೆ. ಆದರೆ ಅದೇ ಗೋರೆಗಾಂವಿನ ಸಿದ್ಧಾರ್ಥ ನಗರದಲ್ಲಿ, ಪತ್ರಾಚಾಳ್ ಎಂದು ಕರೆಯುವಲ್ಲಿ, 2008ರಲ್ಲಿ ಕರಾರಾದ ಮನೆಗಳಿಗಾಗಿ 672 ಕುಟುಂಬಗಳು ಹದಿನೈದು ವರ್ಷಕ್ಕೂ ಮೀರಿ ಕಾದವು. ಎಪ್ಪತ್ತರ ತಾಯಿಗೆ ಹದಿನೈದು ವರ್ಷವೆಂದರೆ ಏನೆಂದು ಲೆಕ್ಕ ಹಾಕಬಹುದು.

ಮೆಟ್ಟಿಲನ್ನೇ ಬದಲಿಸುವ ಶಕ್ತಿ ಎಲ್ಲರಿಗೂ ಇರದು. ಅಂಥ ಮನೆಯಲ್ಲಿ ಹಿರಿಯರ ಹಾಸಿಗೆ ಕೆಳಗಿರಲಿ, ಟಿ.ವಿ. ಮೇಲೆ ಹೋಗಲಿ. ಇರುವ ಏಣಿಗೆ ಎರಡೂ ಕಡೆ ಹಿಡಿಗಂಬಿ, ಪ್ರತಿ ಹಲಗೆಯ ಅಂಚಿಗೆ ಹಳದಿ ಪಟ್ಟಿ, ಮೇಲೂ ಕೆಳಗೂ ಒತ್ತಬಹುದಾದ ದೀಪದ ಸ್ವಿಚ್ಚು ಇವಿಷ್ಟನ್ನಾದರೂ ಹಾಕಿಸಬಹುದು. ಹೊಸದನ್ನು ತರಿಸುವವರು ಅಳತೆಯ ಟೇಪನ್ನು ಬಿಚ್ಚುವ ಮೊದಲು ಏಳೂವರೆ ಅಂಗುಲ ಎತ್ತರದ ಗಟ್ಟಿ ಮಣೆಯೊಂದನ್ನು ಗೋಡೆಯ ಪಕ್ಕದಲ್ಲಿಟ್ಟು, ಪಕ್ಕದಲ್ಲಿ ನಿಂತು ತಾಯಿಗೆ ಆಸರೆಯಾಗಿ, ಅದನ್ನು ಹತ್ತಿ ಇಳಿಯುವುದು ಅವರಿಗೆ ಸಲೀಸಾಗುತ್ತದೆಯೇ ಎಂದು ನೋಡಲಿ. ಆಗದಿದ್ದರೆ ಏಳು, ಆರೂವರೆ ಎಂದು ಮಣೆಯನ್ನು ತಗ್ಗಿಸುತ್ತ ಹೋಗಲಿ. ಅಂಗಡಿಯವನಿಗೆ ಕೊಡಬೇಕಾದ ಮೊದಲ ಅಳತೆ ಅದು.