ಅಚ್ಚು ಇಂಗ್ಲಿಷಿನದು, ಇಟ್ಟಿಗೆ ಕನ್ನಡದ್ದಾದೀತೇ?



ಸರ್ವಿಸ್‌ನೌನಂಥ ತಂತ್ರಾಂಶದ ಮುಂದೆ ದಿನವಿಡೀ ಕೂರುವವರು ನೀವು. ಗ್ರಾಹಕರು ದೂರು ಕೊಟ್ಟರೆ ಟೆಂಪ್ಲೇಟ್ ಒತ್ತುತ್ತೀರಿ. ವಿಭಾಗ, ಆದ್ಯತೆ, ವಿವರಣೆ ತಾನಾಗಿ ತುಂಬಿಕೊಳ್ಳುತ್ತವೆ. ಹೆಸರು, ವಿಳಾಸ ಸೇರಿಸಿದರೆ ಹೊಸ ದಾಖಲೆ ಸಿದ್ಧ! ಆದರೆ ತಾನಾಗಿ ತುಂಬಿದ ಆ ವಾಕ್ಯ ಯಾವ ಭಾಷೆಯದೆಂದು ಎಂದಾದರೂ ನೋಡಿದ್ದೀರಾ?

ಟೆಂಪ್ಲೇಟ್ ಎಂದರೆ ಇಟ್ಟಿಗೆಯ ಅಚ್ಚು. ಅಚ್ಚು ಇಂಗ್ಲಿಷಿನದಾದರೆ ಸಾವಿರ ಇಟ್ಟಿಗೆಯೂ ಇಂಗ್ಲಿಷೇ. ಮಂಡ್ಯದ ಗ್ರಾಹಕರು ಕನ್ನಡದಲ್ಲಿ ತೋಡಿಕೊಂಡ ಕಷ್ಟ ಇಂಗ್ಲಿಷ್ ದಾಖಲೆಯಾಗುತ್ತದೆ. ಉತ್ತರವೂ ಇಂಗ್ಲಿಷಿನಲ್ಲೇ ಹೋಗುತ್ತದೆ. ಇಂಗ್ಲಿಷ್ ಬಾರದವರು ಅದನ್ನು ಯಾರಿಂದ ಓದಿಸಬೇಕು?

ಕಂಪ್ಯೂಟರಿಗೆ ಕನ್ನಡ ಬಾರದೆಂಬ ನೆಪ ಸಾಕು! 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಕೊರತೆ ಯಂತ್ರದ್ದಲ್ಲ, ನಮ್ಮ ಸಂಕೋಚದ್ದು.

ಒಂದೊಂದೇ ದಾಖಲೆ ತಿದ್ದುತ್ತಾ ಕೂರಬೇಡಿ; ಅಚ್ಚನ್ನೇ ತಿದ್ದಿ. ಟೆಂಪ್ಲೇಟ್ ಮಾಡುವ ಅಧಿಕಾರ ಇದ್ದವರು ಇಂದೇ ಕನ್ನಡದ್ದೊಂದನ್ನು ಮಾಡಿ. ಇಲ್ಲದವರು ಮೇಲಧಿಕಾರಿಗೆ ಬರೆದು ಕೇಳಿ. ನೆನಪಿರಲಿ, ಟೆಂಪ್ಲೇಟ್ ಬದಲಿಸಿದರೂ ಹಳೆಯ ದಾಖಲೆ ಬದಲಾಗದು. ನೀವು ತಡಮಾಡಿದ ಪ್ರತಿ ದಿನವೂ ಇಂಗ್ಲಿಷಿನ ಲೆಕ್ಕಕ್ಕೆ!